ಮೆಚ್ಚಿದ ಆಟದಿಂದ ಮುಂದಿನ ಆಟಕ್ಕೆ: ವಿಡಿಯೋ ಗೇಮ್ ಆರಿಸುವ ಬಗೆ

ಹೊಸ ವಿಡಿಯೋ ಗೇಮ್ ಕೊಳ್ಳುವವರ ಮುಂದೆ ಸಾಮಾನ್ಯವಾಗಿ ಎರಡು ದಿಕ್ಸೂಚಿಗಳಿರುತ್ತವೆ. ಹಿಂದೆ ಮೆಚ್ಚಿ ಆಡಿದ ಆಟ ಒಂದು, ಆ ವಾರ ಎಲ್ಲರ ಬಾಯಲ್ಲಿರುವ ಆಟ ಇನ್ನೊಂದು. ಎರಡನೆಯದು ತಿಂಗಳೊಪ್ಪತ್ತಿನಲ್ಲಿ ಹಳತಾಗುತ್ತದೆ. ಮೊದಲನೆಯದು ನಂಬಬಹುದಾದ ಆಧಾರವೇ, ಆದರೆ ಅದನ್ನು ಬಳಸುವ ರೀತಿಯಲ್ಲಿ ಎಡವುವವರು ಬಹಳ. ಮೆಚ್ಚಿದ್ದು ಕತ್ತಿಕಾಳಗದ ಆಟವಾದರೆ ಮತ್ತೊಂದು ಕತ್ತಿಕಾಳಗ, ಕಾರಿನ ಆಟವಾದರೆ ಮತ್ತೊಂದು ಕಾರು ಎಂದು ಹೊರಮೈ ನೋಡಿ ಕೊಂಡ ಆಟಗಳು ಒಂದೆರಡು ಸಂಜೆ ಆಡಿಸಿಕೊಂಡು ಮೂಲೆ ಸೇರುತ್ತವೆ. ಆಟದಲ್ಲಿ ಕಣ್ಣಿಗೆ ಕಾಣುವುದು ಒಂದು, ಗಂಟೆಗಟ್ಟಲೆ ಕೈ ಮತ್ತು ತಲೆ ಮಾಡುವ ಕೆಲಸ ಇನ್ನೊಂದು. ಮನಸ್ಸನ್ನು ಹಿಡಿದು ಕೂರಿಸಿದ್ದು ಹೆಚ್ಚಿನ ಸಲ ಆ ಕೆಲಸವೇ. ಹಾಗಾಗಿ ಮೆಚ್ಚಿನ ಆಟವನ್ನು ಬಿಡಿಸಿ ನೋಡಿ, ಅದರಲ್ಲಿ ಇಷ್ಟವಾದ ಕೆಲಸ ಯಾವುದೆಂದು ಗುರುತಿಸಿಕೊಂಡರೆ ಮುಂದಿನ ಆಟದ ಆಯ್ಕೆ ಬಹುಪಾಲು ಮುಗಿದಂತೆ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರ ಮೇ ತಿಂಗಳಲ್ಲಿ ಹೊರತಂದ ‘ದಿ ವಿಚರ್ 3’ ಇದಕ್ಕೆ ಒಳ್ಳೆಯ ಉದಾಹರಣೆ. ಆಂದ್ರೇ ಸಪ್ಕೋವ್‌ಸ್ಕಿ ಅವರ ಕಥನಲೋಕವನ್ನು ಆಧರಿಸಿದ ಈ ಆಟದಲ್ಲಿ ಗೆರಾಲ್ಟ್ ಎಂಬ ರಾಕ್ಷಸಬೇಟೆಗಾರ ಊರಿಂದ ಊರಿಗೆ ಅಲೆಯುತ್ತಾನೆ. ಇದನ್ನು ಮೆಚ್ಚಿದವರು ಕೊಡುವ ಕಾರಣಗಳು ಬೇರೆಬೇರೆ. ಕೆಲವರಿಗೆ ಕಥೆ ಹಿಡಿಸಿರುತ್ತದೆ; ಕುಡಿತದಿಂದ ಸಂಸಾರ ಹಾಳುಮಾಡಿಕೊಂಡ ಬ್ಲಡಿ ಬ್ಯಾರನ್‌ನ ಪ್ರಸಂಗ, ಅದರಲ್ಲಿ ತಾವು ಕೈಗೊಂಡ ನಿರ್ಧಾರ ಅವರನ್ನು ಕಾಡಿರುತ್ತದೆ. ಇನ್ನು ಕೆಲವರು ಕಥೆಯನ್ನು ಬದಿಗಿಟ್ಟು ಕುದುರೆಯೇರಿ ಕಾಡು, ಜೌಗು, ದ್ವೀಪಗಳನ್ನು ಸುತ್ತಿರುತ್ತಾರೆ. ಮತ್ತೆ ಕೆಲವರು ಹೋಟೆಲು ಹೋಟೆಲಿಗೆ ಹೋಗಿ, ಆಟದೊಳಗಿನ ‘ಗ್ವೆಂಟ್’ ಎಂಬ ಇಸ್ಪೀಟಿನಂಥ ಆಟಕ್ಕೆ ಎಲೆ ಕೂಡಿಹಾಕುವುದರಲ್ಲೇ ರಾತ್ರಿ ಕಳೆದಿರುತ್ತಾರೆ. ಆಡಿದ್ದು ಒಂದೇ ಆಟ. ಆದರೆ ಮೊದಲಿನವರಿಗೆ ಮುಂದಿನ ಆಟ ‘ಬಾಲ್ಡರ್ಸ್ ಗೇಟ್ 3’. ಬೆಲ್ಜಿಯಮ್ಮಿನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿದ ಈ ಆಟದಲ್ಲಿ ಒಂದು ಮಾತು ಇಡೀ ಕಥೆಯ ದಾರಿ ಬದಲಿಸುತ್ತದೆ. ಎರಡನೆಯವರಿಗೆ ‘ರೆಡ್ ಡೆಡ್ ರಿಡೆಂಪ್ಶನ್ 2’ ಅಥವಾ ‘ಝೆಲ್ಡಾ: ಬ್ರೆತ್ ಆಫ್ ದ ವೈಲ್ಡ್’ ಸರಿಹೋಗುತ್ತದೆ. ಮೂರನೆಯವರಿಗೆ ಬೇಕಿರುವುದು ದೊಡ್ಡ ಆಟವೇ ಅಲ್ಲ. ‘ಸ್ಲೇ ದ ಸ್ಪೈರ್’ ಎಂಬ ಪುಟ್ಟ ಎಲೆಯಾಟ ಸಾಕು, ಅದು ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ‘ವಿಚರ್ ಮೆಚ್ಚಿದವರಿಗೆ ಹತ್ತು ಆಟಗಳು’ ಎಂಬ ಬಗೆಯ ಪಟ್ಟಿಗಳು ನಿರಾಸೆ ತರುವುದು ಈ ಮೂವರನ್ನೂ ಒಬ್ಬರೇ ಎಂದುಕೊಂಡು ಬರೆಯುವುದರಿಂದ.

ರುಚಿಯ ನಾಲ್ಕು ದಿಕ್ಕು

ಆಟಗಾರರ ರುಚಿಯನ್ನು ವಿಂಗಡಿಸುವ ಪ್ರಯತ್ನಗಳಲ್ಲಿ ಹೆಚ್ಚು ಹೆಸರಾದದ್ದು ರಿಚರ್ಡ್ ಬಾರ್ಟಲ್ ಅವರದು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ 1978ರಲ್ಲಿ ಶುರುಮಾಡಿದ ‘ಮಡ್’ ಎಂಬ ಅಕ್ಷರರೂಪದ ಆಟವನ್ನು ಬೆಳೆಸಿದವರು ಅವರು. ಹಲವರು ಒಟ್ಟಿಗೆ ಆಡುವ ಇಂಥ ಲೋಕಗಳಲ್ಲಿ ಜನ ಏನು ಹುಡುಕುತ್ತಾರೆ ಎಂಬುದನ್ನು ವರ್ಷಗಟ್ಟಲೆ ಗಮನಿಸಿ 1996ರಲ್ಲಿ ಬರೆದ ಪ್ರಬಂಧದಲ್ಲಿ ಇಸ್ಪೀಟಿನ ನಾಲ್ಕು ಬಣ್ಣಗಳಿಗೆ ನಾಲ್ಕು ಬಗೆಯ ಆಟಗಾರರನ್ನು ಹೊಂದಿಸಿದರು. ಅಂಕ, ಪದವಿ, ಸಂಪತ್ತು ಕೂಡಿಸುವ ಸಾಧಕರು ಡೈಮಂಡು. ಮೂಲೆಮೂಲೆ ಅಗೆದು ನೋಡುವ ಅನ್ವೇಷಕರು ಇಸ್ಪೀಟು. ಮಾತುಕತೆ, ಗೆಳೆತನಕ್ಕಾಗಿ ಬರುವವರು ಆಟೀನು. ಇನ್ನೊಬ್ಬರನ್ನು ಹೊಡೆದುರುಳಿಸುವುದರಲ್ಲಿ ಸುಖ ಕಾಣುವವರು ಕಳಾವರು.

ಈ ವಿಂಗಡಣೆ ಒಬ್ಬಂಟಿಯಾಗಿ ಆಡುವ ಆಟಗಳಿಗಾಗಿ ಮಾಡಿದ್ದಲ್ಲ, ಯಾವ ಮನುಷ್ಯನೂ ಪೂರ್ತಿಯಾಗಿ ಒಂದೇ ಬಣ್ಣದವನಲ್ಲ. ಆದರೂ ಮೆಚ್ಚಿದ ಮೂರ್ನಾಲ್ಕು ಆಟಗಳ ಹೆಸರು ಬರೆದು ಪ್ರತಿಯೊಂದರ ಪಕ್ಕ ಅದರಲ್ಲಿ ಹಿಡಿಸಿದ್ದು ಇವುಗಳಲ್ಲಿ ಯಾವ ಸುಖ ಎಂಬ ಪ್ರಶ್ನೆ ಹಾಕಿಕೊಂಡರೆ ಒಂದು ಎಳೆ ಕಾಣಿಸಿಕೊಳ್ಳುತ್ತದೆ. ಬಾರ್ಟಲ್ ಪಟ್ಟಿಗೆ ಇನ್ನೆರಡು ಸುಖಗಳನ್ನು ಸೇರಿಸಿಕೊಳ್ಳುವುದು ಒಳ್ಳೆಯದು: ಏನನ್ನಾದರೂ ಕಟ್ಟಿ ಬೆಳೆಸುವುದು, ಮತ್ತು ಕಥೆಯೊಂದನ್ನು ಒಳಗಿನಿಂದ ಬದುಕುವುದು.

ಕಟ್ಟುವ ಸುಖವುಳ್ಳವರಿಗೆ ಇವತ್ತು ಸುಗ್ಗಿಯ ಕಾಲ. ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ಚಿತ್ರ, ಸಂಗೀತ, ಪ್ರೋಗ್ರಾಮಿಂಗ್ ಎಲ್ಲವನ್ನೂ ಮಾಡಿ 2016ರ ಫೆಬ್ರವರಿಯಲ್ಲಿ ಹೊರತಂದ ‘ಸ್ಟಾರ್ಡ್ಯೂ ವ್ಯಾಲಿ’ಯಲ್ಲಿ ಅಜ್ಜ ಬಿಟ್ಟುಹೋದ ಪಾಳುಬಿದ್ದ ಜಮೀನನ್ನು ಹಸನು ಮಾಡಿ, ಬಿತ್ತಿ, ನೀರುಣಿಸಿ, ಊರವರ ಜೊತೆ ನಂಟು ಬೆಳೆಸಬೇಕು. ಬೇಸಾಯದ ಮನೆಯಲ್ಲಿ ಹುಟ್ಟಿದವರಿಗೆ ಅದರ ಋತುಚಕ್ರ ತೀರಾ ಸರಳವೆನಿಸಬಹುದು, ಆದರೆ ನಾಳೆ ಯಾವ ಪಾತಿಗೆ ಏನು ಹಾಕುವುದು ಎಂಬ ಯೋಚನೆ ಯಾರನ್ನೂ ಬಿಡುವುದಿಲ್ಲ. ಇದರಲ್ಲಿ ಇಷ್ಟವಾದದ್ದು ಊರಿನ ಜನರೋ, ಲೆಕ್ಕಾಚಾರದ ಬೆಳೆಯೋ ಎಂಬುದರ ಮೇಲೆ ಮುಂದಿನ ಹೆಜ್ಜೆ ನಿಂತಿದೆ. ಲೆಕ್ಕಾಚಾರವೇ ಇಷ್ಟವಾದವರು ನೇರವಾಗಿ ‘ಫ್ಯಾಕ್ಟೋರಿಯೋ’ ಹಿಡಿಯಬೇಕು. ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್‌ನವರ ಈ ಆಟದಲ್ಲಿ ಅನ್ಯಗ್ರಹದಲ್ಲಿ ಸಿಕ್ಕಿಬಿದ್ದವನೊಬ್ಬ ಅದಿರು ತೆಗೆದು, ಬೆಲ್ಟುಗಳ ಮೇಲೆ ಸಾಗಿಸಿ, ಯಂತ್ರದಿಂದ ಯಂತ್ರ ಕಟ್ಟುತ್ತ ರಾಕೆಟ್ಟಿನವರೆಗೆ ಹೋಗುತ್ತಾನೆ. ತಯಾರಕರು ಈ ಆಟವನ್ನು ರಿಯಾಯಿತಿಯಲ್ಲಿ ಮಾರುವುದಿಲ್ಲವೆಂದು ಮೊದಲೇ ಹೇಳಿ ಅದರಂತೆ ನಡೆದುಕೊಂಡಿದ್ದಾರೆ, ಹಾಗಾಗಿ ಸೇಲ್‌ಗೆ ಕಾಯುವುದು ದಂಡ. ಉಚಿತ ಡೆಮೊ ಇದೆ. ಅದನ್ನು ಮುಗಿಸಿದ ಮೇಲೂ ಕೈ ತುರಿಸುತ್ತಿದ್ದರೆ ಕೊಳ್ಳಬಹುದು.

ಕೈಚಳಕ ಸಾಧಿಸುವ ಸುಖ ಬೇರೆ ಜಾತಿಯದು. ಹಿಡೆಟಕಾ ಮಿಯಜಾಕಿ ನೇತೃತ್ವದಲ್ಲಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ತಯಾರಿಸಿದ ‘ಎಲ್ಡನ್ ರಿಂಗ್’ (2022) ಆಟಗಾರನನ್ನು ನೂರಾರು ಸಲ ಕೊಲ್ಲುತ್ತದೆ, ಸುಲಭ ಮಾಡಿಕೊಳ್ಳುವ ಗುಂಡಿಯನ್ನೂ ಕೊಡುವುದಿಲ್ಲ. ಸೋತಾಗಲೆಲ್ಲ ಶತ್ರುವಿನ ಒಂದು ಚಲನೆ ಹೆಚ್ಚು ತಿಳಿಯುತ್ತದೆ. ಇದರ ರುಚಿ ಹತ್ತುವುದೋ ಇಲ್ಲವೋ ಎಂಬ ಅನುಮಾನವಿದ್ದವರು ಮೊದಲು ಚಿಕ್ಕದರಿಂದ ಶುರುಮಾಡಬೇಕು. ಆಸ್ಟ್ರೇಲಿಯಾದ ಅಡಿಲೇಡಿನ ಟೀಮ್ ಚೆರ್ರಿ ಎಂಬ ಪುಟ್ಟ ತಂಡದ ‘ಹಾಲೋ ನೈಟ್’ (2017) ಅದಕ್ಕೆ ತಕ್ಕದ್ದು: ಬೆಲೆ ಕಡಿಮೆ, ಯಂತ್ರದ ಬೇಡಿಕೆ ಕಡಿಮೆ, ಪಾಠ ಅದೇ. 2025ರ ಸೆಪ್ಟೆಂಬರಿನಲ್ಲಿ ಬಂದ ಅದರ ಮುಂದಿನ ಭಾಗ ‘ಸಿಲ್ಕ್‌ಸಾಂಗ್’ ಇನ್ನೂ ಕಠಿಣವಾದದ್ದರಿಂದ ಎರಡನೆಯದಾಗಿ ಆಡುವುದೇ ಲೇಸು. ಸವಾಲು ಬೇಕು ಆದರೆ ಬೆರಳಿನ ವೇಗ ಸಾಲದು ಎನ್ನುವವರಿಗೆ ‘ಸೆಲೆಸ್ಟ್’ (2018) ಒಂದು ವರ. ಪರ್ವತ ಹತ್ತುವ ಹುಡುಗಿಯೊಬ್ಬಳ ಈ ಆಟದಲ್ಲಿ ವೇಗ ತಗ್ಗಿಸುವ, ಸಾವೇ ಬಾರದಂತೆ ಮಾಡಿಕೊಳ್ಳುವ ಆಯ್ಕೆಗಳನ್ನು ತಯಾರಕರೇ ಇಟ್ಟಿದ್ದಾರೆ. ಅದನ್ನು ಬಳಸಿಕೊಂಡವರ ಆಟ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಬುದ್ಧಿಯ ಪೈಪೋಟಿ ಬೇಕೆನ್ನುವವರಿಗೆ 1999ರ ‘ಏಜ್ ಆಫ್ ಎಂಪೈರ್ಸ್ 2’ ಇಂದಿಗೂ ಹಳತಾಗಿಲ್ಲ. 2019ರ ಹೊಸ ಆವೃತ್ತಿಗೆ 2022ರಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಹೆಚ್ಚುವರಿ ಭಾಗದಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಸೇರಿಕೊಂಡಿದ್ದು, ರಾಜೇಂದ್ರ ಚೋಳನ ದಂಡಯಾತ್ರೆಯನ್ನು ಆಟಗಾರನೇ ನಡೆಸಬಹುದು. ಸೈಬರ್ ಕೆಫೆಗಳ ಕಾಲದಲ್ಲಿ ‘ಕೌಂಟರ್ ಸ್ಟ್ರೈಕ್’ ಆಡಿದವರು ಏನನ್ನೂ ಕೊಳ್ಳಬೇಕಿಲ್ಲ. 2023ರಲ್ಲಿ ಬಂದ ಅದರ ಹೊಸ ಆವೃತ್ತಿ ಉಚಿತ.

ಕ್ರಿಕೆಟ್ ಪ್ರಿಯರ ಪಾಡು ಬೇರೆಯದೇ. ಇಎ ಸ್ಪೋರ್ಟ್ಸ್ 2006ರ ಕೊನೆಯಲ್ಲಿ ತಂದ ‘ಕ್ರಿಕೆಟ್ 07’ ಆದಮೇಲೆ ಆ ಸರಣಿಯನ್ನೇ ಕೈಬಿಟ್ಟಿತು. ಅಭಿಮಾನಿಗಳು ಹೊಸ ತಂಡ, ಹೊಸ ಜೆರ್ಸಿಗಳನ್ನು ತಾವೇ ತುಂಬಿಸುತ್ತ ಆ ಆಟವನ್ನು ಬಹುಕಾಲ ಜೀವಂತ ಇಟ್ಟರು. ಈಗ ದೊಡ್ಡ ಪ್ರಮಾಣದಲ್ಲಿ ಕ್ರಿಕೆಟ್ ಆಟ ಮಾಡುತ್ತಿರುವುದು ಮೆಲ್ಬರ್ನಿನ ಬಿಗ್ ಆ್ಯಂಟ್ ಸ್ಟುಡಿಯೋಸ್. ಅವರ ‘ಕ್ರಿಕೆಟ್ 24’ ಬ್ಯಾಟಿಂಗಿನಲ್ಲಿ ಸಮಯಪ್ರಜ್ಞೆ ಬೇಡುವ ಆಟ. ಬಟನ್ ಒತ್ತಿದರೆ ಸಿಕ್ಸರ್ ಎಂಬ ಹಳೆಯ ನೆನಪಿನಲ್ಲಿ ಕೊಂಡವರು ಕಂಗಾಲಾಗುತ್ತಾರೆ, ಅಭ್ಯಾಸದ ನೆಟ್ಸ್‌ನಲ್ಲಿ ಕೂತವರು ಮೆಚ್ಚುತ್ತಾರೆ. ಫುಟ್‌ಬಾಲ್‌ನಂತೆ ವರ್ಷಕ್ಕೊಮ್ಮೆ ಬರುವ ಕ್ರೀಡಾ ಆಟಗಳಿಗೆ ಒಂದು ಸರಳ ನಿಯಮ ಸಾಕು: ಮನೆಯಲ್ಲಿ ಅಣ್ಣತಮ್ಮಂದಿರ ಜೊತೆ ಒಂದೇ ಟೀವಿಯ ಮುಂದೆ ಆಡುವುದಾದರೆ ಹಿಂದಿನ ವರ್ಷದ್ದನ್ನು ಅಗ್ಗಕ್ಕೆ ಕೊಳ್ಳುವುದು, ಆನ್‌ಲೈನ್ ಪಂದ್ಯವೇ ಮುಖ್ಯವಾದರೆ ಮಾತ್ರ ಹೊಸದು.

ಭಾಷೆಯ ತೊಡಕು

ಕನ್ನಡದಲ್ಲೇ ಓದಿ ಬೆಳೆದ ಆಟಗಾರರು ಕೊಳ್ಳುವ ಮೊದಲು ನೋಡಬೇಕಾದ ಒಂದು ವಿಷಯವನ್ನು ವಿಮರ್ಶೆಗಳು ಹೇಳುವುದಿಲ್ಲ: ಆಟ ಎಷ್ಟು ಇಂಗ್ಲಿಷ್ ಬೇಡುತ್ತದೆ? 2019ರ ‘ಡಿಸ್ಕೋ ಎಲಿಸಿಯಮ್’ ಶ್ರೇಷ್ಠ ಆಟಗಳ ಸಾಲಿನಲ್ಲಿ ನಿಲ್ಲುವಂಥದ್ದು. ಆದರೆ ಅದರಲ್ಲಿ ಹೊಡೆದಾಟವಿಲ್ಲ, ಇರುವುದೆಲ್ಲ ಮಾತು. ಒಟ್ಟು ಸುಮಾರು ಹತ್ತು ಲಕ್ಷ ಪದ, ಅದೂ ಸುತ್ತುಬಳಸಿನ ಸಾಹಿತ್ಯಕ ಇಂಗ್ಲಿಷ್. ಬಾಲ್ಡರ್ಸ್ ಗೇಟ್ 3 ಅಷ್ಟು ಕಠಿಣವಲ್ಲದಿದ್ದರೂ ಮಂತ್ರ, ಆಯುಧಗಳ ವಿವರಣೆ ಓದದೆ ಮುಂದೆ ಹೋಗಲಾಗದು. ಇದಕ್ಕೆ ತದ್ವಿರುದ್ಧವಾಗಿ ಡೆನ್ಮಾರ್ಕಿನ ಪ್ಲೇಡೆಡ್ ತಂಡದ ‘ಲಿಂಬೋ’ (2010), ‘ಇನ್‌ಸೈಡ್’ (2016) ಆಟಗಳಲ್ಲಿ ಒಂದೇ ಒಂದು ಸಂಭಾಷಣೆ ಇಲ್ಲ. ಮರುಭೂಮಿಯಲ್ಲಿ ಅಪರಿಚಿತ ಜೊತೆಗಾರನೊಡನೆ ಬೆಟ್ಟದ ಕಡೆಗೆ ನಡೆಯುವ ‘ಜರ್ನಿ’ (2012) ಕೂಡ ಹಾಗೆಯೇ. ಭಾಷೆಯ ಹಂಗಿಲ್ಲದೆ ಹತ್ತು ವರ್ಷದ ಮಗುವೂ ಎಪ್ಪತ್ತರ ತಾತನೂ ಆಡಬಹುದಾದ ಕೃತಿಗಳು ಇವು. ಕನ್ನಡವನ್ನೇ ಒಳಗೊಂಡ ದೊಡ್ಡ ಆಟಗಳು ವಿರಳ. ‘ಮೈನ್‌ಕ್ರಾಫ್ಟ್’ನ ಜಾವಾ ಆವೃತ್ತಿಯ ಭಾಷಾಪಟ್ಟಿಯಲ್ಲಿ ಕನ್ನಡ ಇದೆ, ಅನುವಾದ ಆಟಗಾರರ ಸಮುದಾಯದ್ದು. ಮಕ್ಕಳಿಗೆ ಕೊಡಿಸುವವರು ಆಟದ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿಕೊಳ್ಳಬಹುದು.

ನಮ್ಮ ನೆಲದ ಬದುಕಿಗೆ ಹತ್ತಿರದ ಆಟ ಬೇಕೆನ್ನುವವರಿಗೆ ಎರಡು ಹೆಸರುಗಳಿವೆ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಪುರಾಣಲೋಕದ ಸಾಹಸ. ಟೊರಾಂಟೊದ ತಂಡವೊಂದು 2023ರಲ್ಲಿ ಮಾಡಿದ ‘ವೆಂಬಾ’ ಕೆನಡಾಕ್ಕೆ ವಲಸೆ ಹೋದ ತಮಿಳು ಸಂಸಾರದ ಅಡುಗೆಮನೆಯ ಕಥೆ. ಅಮ್ಮನ ಹರಿದ ಅಡುಗೆ ಪುಸ್ತಕ ನೋಡಿ ಇಡ್ಲಿಯನ್ನು ಸರಿಯಾಗಿ ಮಾಡುವುದೇ ಅಲ್ಲಿನ ಮೊದಲ ಒಗಟು. ಎರಡು ಗಂಟೆಯೊಳಗೆ ಮುಗಿಯುತ್ತದೆ, ಊರು ಬಿಟ್ಟು ದೂರದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಯಾವ ಕನ್ನಡ ಸಂಸಾರಕ್ಕೂ ಎದೆಗೆ ತಾಗುತ್ತದೆ. ಕರ್ನಾಟಕದ ಕೈ ಇರುವುದು ಹೆಚ್ಚಾಗಿ ತೆರೆಯ ಹಿಂದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಈ ದೇಶದ ಮೊದಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. ಅದನ್ನು 2019ರಲ್ಲಿ ಕೊಂಡ ರಾಕ್‌ಸ್ಟಾರ್ ಸಂಸ್ಥೆಗೆ ಬೆಂಗಳೂರಿನಲ್ಲಿ ಆಗಲೇ ಸ್ವಂತ ಸ್ಟುಡಿಯೋ ಇತ್ತು, ‘ರೆಡ್ ಡೆಡ್ 2’ರ ಕೆಲಸದಲ್ಲಿ ಆ ಸ್ಟುಡಿಯೋ ಪಾಲ್ಗೊಂಡಿತ್ತು.

ಯಂತ್ರ ಮತ್ತು ವೇಳೆ

ರುಚಿ ಗೊತ್ತಾದ ಮೇಲೆ ಮನೆಯಲ್ಲಿರುವ ಯಂತ್ರ ಏನನ್ನು ಎಳೆಯುತ್ತದೆ ಎಂಬ ಪ್ರಶ್ನೆ ಬರುತ್ತದೆ. ಕಂಪ್ಯೂಟರಿನಲ್ಲಿ ಆಡುವವರು ಅಂಗಡಿ ಪುಟದ ಕೊನೆಯಲ್ಲಿರುವ ಎರಡು ಪಟ್ಟಿಗಳನ್ನು ಓದಲೇಬೇಕು. ‘ಕನಿಷ್ಠ’ ಎಂದಿರುವುದು ಆಟ ತೆರೆದುಕೊಳ್ಳಲು ಸಾಕಾಗುವಷ್ಟು, ನೆಮ್ಮದಿಯಿಂದ ಆಡಲು ಬೇಕಾದದ್ದು ‘ಶಿಫಾರಸು’ ಎಂಬ ಪಟ್ಟಿ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪಿಗೂ ಡೆಸ್ಕ್‌ಟಾಪಿನ ಕಾರ್ಡಿಗೂ ಒಂದೇ ಹೆಸರಿದ್ದರೂ ಲ್ಯಾಪ್‌ಟಾಪಿನದು ಕಡಿಮೆ ವಿದ್ಯುತ್ತಿನಲ್ಲಿ ಓಡುವುದರಿಂದ ಶಕ್ತಿಯೂ ಕಡಿಮೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಚೇರಿ ಲ್ಯಾಪ್‌ಟಾಪಿನಲ್ಲಿ ಎಲ್ಡನ್ ರಿಂಗ್ ಓಡದು. ಆದರೆ ಸ್ಟಾರ್ಡ್ಯೂ ವ್ಯಾಲಿ, ಸ್ಲೇ ದ ಸ್ಪೈರ್, ಹಾಲೋ ನೈಟ್, ಸೆಲೆಸ್ಟ್ ಎಲ್ಲವೂ ಓಡುತ್ತವೆ. ಒಳ್ಳೆಯ ಆಟಕ್ಕೆ ದುಬಾರಿ ಯಂತ್ರ ಬೇಕೇಬೇಕೆಂಬುದು ಸುಳ್ಳು.

ಜಾಗದ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಬಾಲ್ಡರ್ಸ್ ಗೇಟ್ 3 ಮತ್ತು ರೆಡ್ ಡೆಡ್ 2 ತಲಾ 150 ಜಿಬಿ ಕೇಳುತ್ತವೆ, ಅದರಲ್ಲೂ ಮೊದಲನೆಯದು ಹಳೆಯ ಹಾರ್ಡ್‌ಡಿಸ್ಕಿಗೆ ಬದಲು ಎಸ್‌ಎಸ್‌ಡಿಯನ್ನೇ ಬೇಡುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಿಂದ ಇಳಿಸಿಕೊಳ್ಳುವವರಿಗೆ, ತಿಂಗಳ ಡೇಟಾ ಮಿತಿ ಇರುವವರಿಗೆ ಇದು ಬೆಲೆಯಷ್ಟೇ ಮುಖ್ಯ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನ ಮೊದಲ ಮಾದರಿಯಲ್ಲಿ ಇರುವುದು ಒಟ್ಟು 512 ಜಿಬಿ, ಅದರಲ್ಲೂ ಒಂದು ಪಾಲು ಯಂತ್ರದ ಸ್ವಂತ ಕೆಲಸಕ್ಕೆ ಹೋಗುತ್ತದೆ. ಇಂಥ ಆಟ ಎರಡು ಹಾಕಿದರೆ ಮೂರನೆಯದಕ್ಕೆ ಜಾಗ ಇರುವುದಿಲ್ಲ.

ಕನ್ಸೋಲ್ ಕೊಳ್ಳುವ ಯೋಚನೆಯಲ್ಲಿರುವವರು ಯಂತ್ರಕ್ಕಿಂತ ಮೊದಲು ಆಟಗಳನ್ನು ನೋಡಬೇಕು. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಪ್ಲೇಸ್ಟೇಷನ್ 5ರಲ್ಲಿ ಹಳೆಯ ಪಿಎಸ್‌4 ಆಟಗಳೂ ಬಹುಪಾಲು ನಡೆಯುತ್ತವೆ. ಡಿಸ್ಕ್ ಹಾಕುವ ಮಾದರಿಗೆ ಹೆಚ್ಚು ಕೊಡಬೇಕಾದರೂ ನಮ್ಮಲ್ಲಿ ಅದೇ ಲಾಭದ್ದು. ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಗೆಳೆಯರ ಜೊತೆ ಅದಲುಬದಲು ಮಾಡಿಕೊಳ್ಳಬಹುದು, ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಡಿಸ್ಕಿಲ್ಲದ ಮಾದರಿಯವರಿಗೆ ಆನ್‌ಲೈನ್ ಅಂಗಡಿ ಹೇಳಿದ್ದೇ ಬೆಲೆ. ಮಾರಿಯೋ, ಝೆಲ್ಡಾಗಳ ನಿಂಟೆಂಡೊ ಯಂತ್ರಗಳು ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ. ಹೊರಗಿನಿಂದ ತರಿಸಿ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ, ಆದರೆ ಕೆಟ್ಟರೆ ಕಂಪನಿಯ ವಾರಂಟಿ ಇಲ್ಲಿ ಕೈಹಿಡಿಯುವುದಿಲ್ಲ ಎಂಬುದನ್ನು ತಿಳಿದೇ ಕೊಳ್ಳಬೇಕು.

ಕರೆಂಟು ಹೋಗುವ ಊರುಗಳಲ್ಲಿ ಡೆಸ್ಕ್‌ಟಾಪ್ ಅಥವಾ ಕನ್ಸೋಲ್ ಮುಂದೆ ಕೂರುವವರು ಆಟ ಯಾವಾಗ ಸೇವ್ ಆಗುತ್ತದೆ ಎಂದು ನೋಡಿಕೊಳ್ಳುವುದು ಅಗತ್ಯ. ಸ್ಟಾರ್ಡ್ಯೂ ವ್ಯಾಲಿಯಲ್ಲಿ ಪಾತ್ರ ರಾತ್ರಿ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ಅಲ್ಲಿನ ಒಂದು ದಿನವೆಂದರೆ ನಮ್ಮ ಹದಿನಾಲ್ಕು ನಿಮಿಷದಷ್ಟು, ನಡುವೆ ಕರೆಂಟು ಹೋದರೆ ಅಷ್ಟೂ ಕೆಲಸ ಮತ್ತೆ. ಎಲ್ಡನ್ ರಿಂಗ್ ತಾನಾಗಿಯೇ ಸೇವ್ ಮಾಡಿಕೊಳ್ಳುತ್ತಿರುತ್ತದೆ, ಆದರೆ ಅದರಲ್ಲಿ ನಿಲ್ಲಿಸುವ ಗುಂಡಿ ಇಲ್ಲ. ಬಾಗಿಲು ಬಡಿದ ಸದ್ದಿಗೆ, ಅಳುವ ಮಗುವಿಗೆ ಆಗಾಗ ಏಳಬೇಕಾದವರಿಗೆ ಅದು ತಕ್ಕ ಆಟವಲ್ಲ.

ಇದರಿಂದಲೇ ವೇಳೆಯ ಮಾತು ಬರುತ್ತದೆ. ವಿಚರ್ 3ರ ಮುಖ್ಯ ಕಥೆಗೇ ಸುಮಾರು 50 ಗಂಟೆ, ಉಪಕಥೆಗಳೂ ಸೇರಿದರೆ ಅದರ ಎರಡು ಪಟ್ಟು. ದಿನಕ್ಕೆ ಒಂದು ಗಂಟೆ ಸಿಗುವ ಉದ್ಯೋಗಸ್ಥರಿಗೆ ಅದು ಮೂರು ತಿಂಗಳ ಸಂಗಾತಿ. ನಡುವೆ ಎರಡು ವಾರ ಬಿಟ್ಟರೆ ಯಾರು ಯಾರ ಮಗ, ಯಾವ ಬಟನ್ ಯಾತಕ್ಕೆ ಎಲ್ಲವೂ ಮರೆತುಹೋಗುತ್ತದೆ. ಅಂಥವರಿಗೆ ಒಂದೇ ಕೂರಿಕೆಯಲ್ಲಿ ಒಂದು ಸುತ್ತು ಮುಗಿಯುವ ಆಟಗಳು ಹೊಂದುತ್ತವೆ. ಸೂಪರ್‌ಜೈಂಟ್ ಗೇಮ್ಸ್ ತಯಾರಿಸಿದ ‘ಹೇಡಿಸ್’ (2020) ಇದಕ್ಕೆ ಅತ್ಯುತ್ತಮ. ಗ್ರೀಕ್ ಪಾತಾಳದಿಂದ ತಪ್ಪಿಸಿಕೊಳ್ಳಲು ನೋಡುವ ಯಮಪುತ್ರನ ಒಂದೊಂದು ಪ್ರಯತ್ನವೂ ಅರ್ಧ ಗಂಟೆಯ ಆಸುಪಾಸು, ಸೋತು ಮನೆಗೆ ಮರಳಿದಾಗಲೂ ಕಥೆ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಇಂತಿಷ್ಟು ರೂಪಾಯಿಗೆ ಇಂತಿಷ್ಟು ಗಂಟೆ ಎಂದು ಭಾಗಿಸಿ ಆಟದ ಬೆಲೆ ಕಟ್ಟುವ ಪದ್ಧತಿ ಆಟಗಾರರಲ್ಲಿ ಚಾಲ್ತಿಯಲ್ಲಿದೆ. ಎರಡು ಗಂಟೆಯ ವೆಂಬಾ ಅದರ ಪ್ರಕಾರ ದುಬಾರಿ, ಇನ್ನೂರು ಗಂಟೆ ಒಂದೇ ಕೆಲಸ ಮಾಡಿಸುವ ಆಟ ಅಗ್ಗ. ಈ ಲೆಕ್ಕವನ್ನು ಬಿಟ್ಟುಬಿಡುವುದೇ ಸರಿ.

ಹಣ

ಕನ್ಸೋಲಿನ ದೊಡ್ಡ ಆಟಗಳು ಬಿಡುಗಡೆಯ ದಿನ ಭಾರತದಲ್ಲಿ 5,000 ರೂಪಾಯಿ ಮುಟ್ಟುತ್ತವೆ. ಬಿಡುಗಡೆಗೂ ಮೊದಲೇ ಹಣ ಕಟ್ಟುವ ಪ್ರೀ-ಆರ್ಡರ್ ಎಂಬ ಪದ್ಧತಿಯಿಂದ ಕೊಳ್ಳುವವರಿಗೆ ಆಗುವ ಲಾಭ ಏನೂ ಇಲ್ಲ. ಡಿಜಿಟಲ್ ಪ್ರತಿ ಮುಗಿದುಹೋಗುವ ವಸ್ತುವಲ್ಲ. 2020ರ ಡಿಸೆಂಬರಿನಲ್ಲಿ ಬಂದ ‘ಸೈಬರ್‌ಪಂಕ್ 2077’ರ ಕಥೆ ಇಲ್ಲಿ ನೆನಪಿಡಬೇಕಾದ್ದು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರ್ ಪ್ರತಿ ಮಾತ್ರ. ಹಳೆಯ ಕನ್ಸೋಲುಗಳಲ್ಲಿ ಆಟ ಎಷ್ಟು ಕುಂಟುತ್ತಿತ್ತೆಂದರೆ ಸೋನಿ ಒಂದೇ ವಾರದಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ ಹಣ ಹಿಂದಿರುಗಿಸಿತು. ಮತ್ತೆ ಮಾರಾಟಕ್ಕೆ ಬಂದದ್ದು 2021ರ ಜೂನಿನಲ್ಲಿ. 2023ರ ಸೆಪ್ಟೆಂಬರಿನ ದೊಡ್ಡ ಅಪ್‌ಡೇಟ್ ಆದಮೇಲೆ ಅದೇ ಆಟ ತನ್ನ ಬಗೆಯಲ್ಲಿ ಅಗ್ರಗಣ್ಯವಾಯಿತು. 2016ರಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲವೆಂದು ಬೈಸಿಕೊಂಡ ‘ನೋ ಮ್ಯಾನ್ಸ್ ಸ್ಕೈ’ ಕೂಡ ವರ್ಷಗಳ ಉಚಿತ ಅಪ್‌ಡೇಟುಗಳಿಂದ ಹಾಗೇ ಚೇತರಿಸಿಕೊಂಡಿತು. ಎರಡರಲ್ಲೂ ಮೊದಲ ದಿನ ಕೊಂಡವರು ಹೆಚ್ಚು ಹಣಕ್ಕೆ ಕೆಟ್ಟ ಆಟ ಪಡೆದರು, ಕಾದವರು ಕಡಿಮೆ ಹಣಕ್ಕೆ ಒಳ್ಳೆಯದನ್ನು. ಆರು ತಿಂಗಳಿಂದ ಒಂದು ವರ್ಷ ಕಾಯುವ ತಾಳ್ಮೆಗಿಂತ ದೊಡ್ಡ ರಿಯಾಯಿತಿ ಇಲ್ಲ.

ಕಂಪ್ಯೂಟರ್ ಆಟಗಳ ಅತಿ ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ ಜೂನ್ ಕೊನೆಯ ಬೇಸಿಗೆ ಸೇಲ್ ಮತ್ತು ಡಿಸೆಂಬರಿನ ಚಳಿಗಾಲದ ಸೇಲ್ ಮುಖ್ಯವಾದವು. ಬೆಲೆ ರೂಪಾಯಿಯಲ್ಲೇ ಇದ್ದು ಯುಪಿಐ ಮೂಲಕ ಕೊಡಬಹುದು. ಬೇಕಾದ ಆಟಗಳನ್ನು ವಿಶ್‌ಲಿಸ್ಟ್‌ಗೆ ಸೇರಿಸಿಟ್ಟರೆ ಬೆಲೆ ಇಳಿದಾಗ ಇಮೇಲ್ ಬರುತ್ತದೆ. ಎಪಿಕ್ ಗೇಮ್ಸ್ ಅಂಗಡಿ ವಾರವಾರವೂ ಉಚಿತವಾಗಿ ಆಟ ಕೊಡುತ್ತದೆ. ಆದರೆ ಸೇಲ್‌ನಲ್ಲಿ ಸಿಕ್ಕಿತೆಂದು ಹತ್ತು ಆಟ ಕೊಂಡು ಒಂದನ್ನೂ ಆಡದಿದ್ದರೆ ಉಳಿತಾಯ ಎಲ್ಲಿ ಬಂತು? ಈ ವಾರಾಂತ್ಯಕ್ಕೇ ಶುರುಮಾಡುವಂಥ ಆಟವನ್ನಷ್ಟೇ ಕೊಳ್ಳುವುದು ಜಾಣತನ, ಏಕೆಂದರೆ ಮುಂದಿನ ಸೇಲ್ ದೂರವೇನಿರುವುದಿಲ್ಲ. ಹಳೆಯ ಆಟ ಕೊಳ್ಳುವಾಗ ಎಲ್ಲ ಹೆಚ್ಚುವರಿ ಭಾಗಗಳೂ ಸೇರಿದ ‘ಕಂಪ್ಲೀಟ್’ ಆವೃತ್ತಿಯ ಬೆಲೆಯನ್ನು ಒಮ್ಮೆ ನೋಡಬೇಕು. ಸೇಲ್‌ನಲ್ಲಿ ಅದು ಬಿಡಿ ಆಟಕ್ಕಿಂತ ಸ್ವಲ್ಪವೇ ಹೆಚ್ಚಿರುತ್ತದೆ. ಅನಧಿಕೃತ ತಾಣಗಳಲ್ಲಿ ಅರ್ಧ ಬೆಲೆಗೆ ಸಿಗುವ, ಆಟ ಸಕ್ರಿಯಗೊಳಿಸುವ ಕೀಗಳ ಮೂಲ ಯಾರಿಗೂ ತಿಳಿಯದು, ಅಂಥವು ಯಾವಾಗ ಬೇಕಾದರೂ ರದ್ದಾಗಬಹುದು.

ತಿಂಗಳ ಚಂದಾ ಯೋಜನೆಗಳಾದ ಎಕ್ಸ್‌ಬಾಕ್ಸ್ ಗೇಮ್ ಪಾಸ್, ಪ್ಲೇಸ್ಟೇಷನ್ ಪ್ಲಸ್ ರುಚಿ ಇನ್ನೂ ಗೊತ್ತಾಗದವರಿಗೆ ಒಳ್ಳೆಯವು. ನೂರಾರು ಆಟಗಳಲ್ಲಿ ಹತ್ತನ್ನು ಅರ್ಧರ್ಧ ಗಂಟೆ ಆಡಿ ನೋಡಿದರೆ ಮೊದಲು ಹೇಳಿದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಒಂದೇ ಆಟವನ್ನು ವರ್ಷವಿಡೀ ಆಡುವವರಿಗೆ ಚಂದಾ ನಷ್ಟ. ಚಂದಾ ನಿಲ್ಲಿಸಿದ ದಿನ ಆಟಗಳೂ ಹೋಗುತ್ತವೆ.

ಕೊಂಡ ಆಟವೂ ಎಲ್ಲ ಸಲ ಉಳಿಯುವುದಿಲ್ಲ ಎಂಬುದು ಕಹಿಯಾದ ಸತ್ಯ. ಯೂಬಿಸಾಫ್ಟ್ 2014ರಲ್ಲಿ ಮಾರಿದ ‘ದ ಕ್ರೂ’ ಎಂಬ ಕಾರಿನ ಆಟ ಸರ್ವರ್ ಇಲ್ಲದೆ ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದಾಗ ಡಿಸ್ಕ್ ಕೊಂಡವರ ಕೈಯಲ್ಲೂ ಉಳಿದದ್ದು ಪ್ಲಾಸ್ಟಿಕ್ ಮಾತ್ರ. ಇದರಿಂದ ಎದ್ದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿತು. ಕಂಪನಿ ಕೈಬಿಟ್ಟ ಮೇಲೂ ಕೊಂಡ ಆಟ ಆಡುವಂತಿರಬೇಕು ಎಂಬ ಆಟಗಾರರ ಬೇಡಿಕೆ ನೂರಕ್ಕೆ ನೂರು ನ್ಯಾಯವಾದದ್ದು. ಒಬ್ಬರೇ ಆಡುವ ಆಟಕ್ಕೂ ‘ಸದಾ ಇಂಟರ್ನೆಟ್ ಬೇಕು’ ಎಂದು ಬರೆದಿದ್ದರೆ ಎರಡು ಸಲ ಯೋಚಿಸಬೇಕು. ಉಳಿಯಲೇಬೇಕೆಂಬ ಪ್ರೀತಿಯ ಆಟಗಳನ್ನು ಜಿಒಜಿ ಅಂಗಡಿಯಲ್ಲಿ ಕೊಳ್ಳಬಹುದು. ಅಲ್ಲಿನ ಆಟಗಳಿಗೆ ಬೀಗವಿಲ್ಲ, ಇಳಿಸಿಕೊಂಡು ಸ್ವಂತ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು.

ಜೊತೆಯವರು, ಮಕ್ಕಳು

ಇಬ್ಬರು ಕೂಡಿ ಆಡಲು ಕೊಳ್ಳುವ ಆಟಗಳ ಪೈಕಿ ಮೊದಲು ಹೇಳಬೇಕಾದ ಹೆಸರು ‘ಇಟ್ ಟೇಕ್ಸ್ ಟೂ’ (2021). ಜೋಸೆಫ್ ಫಾರೆಸ್ ನಿರ್ದೇಶಿಸಿದ ಈ ಸ್ವೀಡಿಷ್ ಆಟವನ್ನು ಒಬ್ಬರೇ ಆಡಲು ಬರುವುದಿಲ್ಲ. ಒಬ್ಬರು ಕೊಂಡರೆ ಸಾಕು, ದೂರದಲ್ಲಿರುವ ಗೆಳೆಯ ಉಚಿತ ಪಾಸ್ ಇಳಿಸಿಕೊಂಡು ಸೇರಬಹುದು. ಒಗಟು ಬಿಡಿಸುವ ಜೋಡಿಗೆ ‘ಪೋರ್ಟಲ್ 2’ (2011) ಇಂದಿಗೂ ಸರಿಸಾಟಿಯಿಲ್ಲದ್ದು, ಸೇಲ್‌ನಲ್ಲಿ ಬಹಳ ಅಗ್ಗ.

ಮಕ್ಕಳಿಗೆ ಕೊಡಿಸುವ ಅಪ್ಪಅಮ್ಮಂದಿರು ಪೆಟ್ಟಿಗೆಯ ಮೇಲಿನ ವಯಸ್ಸಿನ ಗುರುತು ನೋಡಬೇಕು. ಯುರೋಪಿನ ಪೆಗಿ ಪದ್ಧತಿಯ 3, 7, 12, 16, 18 ಎಂಬ ಅಂಕೆಗಳು ಆಟದ ಕಷ್ಟವನ್ನು ಹೇಳುವುದಿಲ್ಲ, ಅದರೊಳಗಿನ ಹಿಂಸೆ, ಭಾಷೆ, ಲೈಂಗಿಕ ದೃಶ್ಯಗಳಿಗೆ ತಕ್ಕ ವಯಸ್ಸನ್ನು ಹೇಳುತ್ತವೆ. ಜಿಟಿಎ ಸರಣಿಯ 18ರ ಗುರುತು ಬರೀ ಶಾಸ್ತ್ರಕ್ಕೆ ಹಾಕಿದ್ದಲ್ಲ. ಉಚಿತ ಆಟಗಳಲ್ಲಿ ಒಳಗೆ ಹಣ ಕೀಳುವ ಬಗೆಗಳನ್ನೂ ಗಮನಿಸಬೇಕು. ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು ಬೆಲ್ಜಿಯಂ 2018ರಲ್ಲಿ ಜೂಜೆಂದೇ ಪರಿಗಣಿಸಿತು. ಮಕ್ಕಳ ಕೈಗೆ ಫೋನ್ ಕೊಡುವ ಮೊದಲು ಖರೀದಿಗೆ ಪಾಸ್‌ವರ್ಡ್ ಹಾಕುವುದು ತಪ್ಪಬಾರದು. ಭಾರತದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಪಣಕ್ಕಿಡುವ ಆಟಗಳನ್ನು. ಈ ಲೇಖನದಲ್ಲಿ ಹೇಳಿದಂಥ, ಕೊಂಡು ಆಡುವ ಆಟಗಳಿಗೆ ಆ ನಿಷೇಧ ಅನ್ವಯವಾಗುವುದಿಲ್ಲ.

ಕೊಂಡ ಮೇಲಿನ ಎರಡು ಗಂಟೆ

ವಿಮರ್ಶೆಗಳಲ್ಲಿ ಅಂಕಕ್ಕಿಂತ ದೂರುಗಳನ್ನು ಓದುವುದು ಉಪಯುಕ್ತ. ‘ಎಲ್ಲಿ ಹೋಗಬೇಕೆಂದೇ ಹೇಳುವುದಿಲ್ಲ’ ಎಂಬ ದೂರು ಅನ್ವೇಷಕನಿಗೆ ಶಿಫಾರಸು. ‘ಬರೀ ಮಾತು’ ಎಂಬುದು ಕಥಾಪ್ರಿಯನಿಗೆ ಶಿಫಾರಸು. ಸ್ಟೀಮ್‌ನಲ್ಲಿ ಒಟ್ಟು ಅಭಿಪ್ರಾಯ ಮತ್ತು ಇತ್ತೀಚಿನ ಅಭಿಪ್ರಾಯ ಬೇರೆಬೇರೆಯಾಗಿ ಕಾಣುತ್ತವೆ, ಎರಡಕ್ಕೂ ಅಂತರವಿದ್ದರೆ ಯಾವುದೋ ಅಪ್‌ಡೇಟ್ ಆಟವನ್ನು ಕೆಡಿಸಿದೆ ಅಥವಾ ಸುಧಾರಿಸಿದೆ ಎಂದರ್ಥ. ಟ್ರೇಲರ್ ನೋಡಿ ತೀರ್ಮಾನಿಸುವ ಬದಲು, ಯಾರಾದರೂ ಆಟದ ನಡುಭಾಗವನ್ನು ಆಡುತ್ತಿರುವ ವಿಡಿಯೋವನ್ನು ಹತ್ತು ನಿಮಿಷ ನೋಡಬೇಕು. ಸಂಗೀತ, ಮಿಂಚು ಇಲ್ಲದ ಆ ಹತ್ತು ನಿಮಿಷದಲ್ಲಿ ಕಾಣುವ ಕೆಲಸವನ್ನೇ ಮುಂದಿನ ತಿಂಗಳೆಲ್ಲ ಮಾಡಬೇಕಾಗಿರುವುದು.

ಸ್ಟೀಮ್ ಮತ್ತು ಎಪಿಕ್ ಅಂಗಡಿಗಳಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಪ್ಲೇಸ್ಟೇಷನ್ ಅಂಗಡಿಯಲ್ಲಿ ಆಟವನ್ನು ಡೌನ್‌ಲೋಡ್ ಮಾಡಲು ಶುರುಮಾಡಿದರೆ ಸಾಮಾನ್ಯವಾಗಿ ಆ ಹಕ್ಕು ಹೋಗುತ್ತದೆ. ಆದ್ದರಿಂದ ಸ್ಟೀಮ್‌ನಲ್ಲಿ ಆಟ ತೆರೆದ ಕೂಡಲೇ ಯಂತ್ರ ಅದನ್ನು ತಡವರಿಸದೆ ಓಡಿಸುತ್ತದೆಯೇ, ಅಕ್ಷರಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಿವೆಯೇ, ಸಬ್‌ಟೈಟಲ್ ಹಾಕಿಕೊಳ್ಳಬಹುದೇ, ಬಟನ್‌ಗಳನ್ನು ಕೈಗೆ ಹೊಂದುವಂತೆ ಬದಲಿಸಬಹುದೇ ಎಂದು ನೋಡಬೇಕು. ಸ್ಟೀಮ್‌ನ ಗಡಿಯಾರ ಸೆಟ್ಟಿಂಗ್ಸ್ ತಿದ್ದುವ ಹೊತ್ತನ್ನೂ ಎಣಿಸುತ್ತದೆ. ರೆಡ್ ಡೆಡ್ 2ರಂಥ ಆಟಗಳಿಗೆ ಮಾತ್ರ ಈ ಪರೀಕ್ಷೆ ಸಾಲದು. ಹಿಮದಲ್ಲಿ ಕಾಲೆಳೆಯುತ್ತ ಸಾಗುವ ಅದರ ಮೊದಲ ಅಧ್ಯಾಯವೇ ಸುಮಾರು ಎರಡು ಗಂಟೆ ತೆಗೆದುಕೊಳ್ಳುತ್ತದೆ, ಆಟದ ನಿಜವಾದ ಬಯಲು ತೆರೆದುಕೊಳ್ಳುವುದು ಆಮೇಲೆ. ಇಂಥ ನಿಧಾನದ ಆಟಗಳನ್ನು ಹಣ ವಾಪಸಿನ ಭರವಸೆಯ ಮೇಲೆ ಕೊಳ್ಳಬಾರದು. ನಡುಭಾಗದ ವಿಡಿಯೋ ನೋಡಿ, ದೊಡ್ಡ ಸೇಲ್‌ಗೆ ಕಾದು, ರಜೆಯ ದಿನಗಳು ಮುಂದಿರುವಾಗ ಕೊಳ್ಳಬೇಕು.